ಕಡ್ಡಾಯ ಆಟದ ನಿಯಮ (ಲಿಟಲ್ ಲೀಗ್)

ಕಡ್ಡಾಯ ಆಟದ ನಿಯಮವು ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನಲ್ಲಿ, ತಂಡದ ಪ್ರತಿಯೊಂದು ಮಗುವಿಗೂ ಪ್ರತಿ ಪಂದ್ಯದಲ್ಲಿ ಆಡುವ ಕನಿಷ್ಠ ಅವಕಾಶವನ್ನು ಖಚಿತಪಡಿಸುವ ನಿಯಮವಾಗಿದೆ. ಈ ಲೀಗನ್ನು ಕಾರ್ಲ್ ಸ್ಟಾಟ್ಜ್ ಅವರು 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಆರಂಭಿಸಿದರು.

ಋತುವಿನ ಸಾಮಾನ್ಯ ಪಂದ್ಯಗಳಲ್ಲಿ ಪ್ರತಿ ಮಗುವೂ ಒಮ್ಮೆಯಾದರೂ ಬ್ಯಾಟ್ ಮಾಡಬೇಕು. ಎದುರಾಳಿ ತಂಡದ ಆರು ಔಟ್‌ಗಳಾಗುವಷ್ಟು ಹೊತ್ತು ಕ್ಷೇತ್ರರಕ್ಷಣೆಯಲ್ಲಿರಬೇಕು. ಮೂರು ಔಟ್‌ಗಳಿಗೆ ಒಂದು ಸರದಿ ಮುಗಿಯುವುದರಿಂದ ಇದು ಎರಡು ಇನ್ನಿಂಗ್ಸ್‌ಗಳಿಗೆ ಸಮ. ಪೂರ್ಣ ಪಂದ್ಯವಾದರೋ ಆರು ಇನ್ನಿಂಗ್ಸ್‌ಗಳದು. ಅವಕಾಶ ತಪ್ಪಿದ ಮಗುವನ್ನು ಮುಂದಿನ ಪಂದ್ಯದಲ್ಲಿ ಆರಂಭದಿಂದಲೇ ಆಡಿಸಿ, ಹಿಂದಿನ ಬಾಕಿಯನ್ನೂ ತೀರಿಸತಕ್ಕದ್ದು. ತಂಡದ ವ್ಯವಸ್ಥಾಪಕರಿಗೆ ಮೊದಲ ತಪ್ಪಿಗೆ ಲಿಖಿತ ಎಚ್ಚರಿಕೆ, ಎರಡನೆಯದಕ್ಕೆ ಒಂದು ಪಂದ್ಯದ ಅಮಾನತು, ಮೂರನೆಯದಕ್ಕೆ ಋತು ಮುಗಿಯುವವರೆಗೆ ಅಮಾನತು. ಪಂದ್ಯವೇ ಮೊಟಕುಗೊಂಡಿದ್ದರೆ ದಂಡನೆ ವಿಧಿಸದಿರಲು ಸ್ಥಳೀಯ ಲೀಗ್‌ಗೆ ಅವಕಾಶವಿದೆ.

ಆದರೆ ಈ ನಿಯಮವು ಮೈದಾನದಲ್ಲಿನ ಹಾಜರಿಯನ್ನು ಅಳೆಯುತ್ತದೆಯೇ ಹೊರತು ಆಟದಲ್ಲಿನ ಪಾಲನ್ನಲ್ಲ. ದುರ್ಬಲರೆನಿಸಿದ ಮಕ್ಕಳನ್ನು, ಚೆಂಡು ಅಪರೂಪಕ್ಕೆ ಬರುವ ರೈಟ್ ಫೀಲ್ಡ್‌ನಲ್ಲಿ ನಿಲ್ಲಿಸಿ ಲೆಕ್ಕ ತುಂಬಿಸುವುದು ಹಳೆಯ ರೂಢಿ. ಪುಸ್ತಕದ ಪ್ರಕಾರ ಅದು ಲೋಪವಲ್ಲ. ನಿಂತ ಮಗುವಿಗೆ ಮಾತ್ರ ವ್ಯತ್ಯಾಸ ತಿಳಿದೇ ಇರುತ್ತದೆ. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ಮಕ್ಕಳ ಫುಟ್‌ಬಾಲ್ ಸಂಸ್ಥೆ ಎ.ವೈ.ಎಸ್.ಒ. ಇನ್ನೂ ಮುಂದೆ ಹೋಗಿ, ಎಲ್ಲರಿಗೂ ಕನಿಷ್ಠ ಅರ್ಧ ಪಂದ್ಯವನ್ನು ವಿಧಿಸಿದೆ. ಜೊತೆಗೆ ಆಟಗಾರರನ್ನು ಹಂಚುವಾಗಲೇ ತಂಡಗಳನ್ನು ಸಮಬಲವಾಗಿ ರಚಿಸುತ್ತದೆ.