ಪಲ್ಲಕ್ಕಿಯಿಂದ ಎಸ್‌ಯುವಿಯವರೆಗೆ: ಅಳದಂಗಡಿಯ ದಾರಿಯ ಒಂದು ಚರಿತ್ರೆ

ವಾಹನಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಾರ್ಖಾನೆಯಿಂದ ಆರಂಭಿಸುತ್ತಾರೆ. ನನಗೆ ದಾರಿಯಿಂದ ಆರಂಭಿಸುವುದೇ ಸರಿ ಅನಿಸುತ್ತದೆ. ಒಂದು ವಾಹನದಲ್ಲಿ ಏನೇನು ಇರಬೇಕು ಎಂದು ಮೊದಲು ಹೇಳುವುದು ಅದು ಓಡುವ ನೆಲ. ಎಂಜಿನಿಯರುಗಳ ಮಾತು ಆಮೇಲಿನದು.

ನಮ್ಮ ಅಳದಂಗಡಿಯನ್ನೇ ನೋಡಿ. ಗುರುವಾಯನಕೆರೆಯಿಂದ ನಾರಾವಿ, ಬಜಗೋಳಿಗಳ ಮೂಲಕ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ ಸಿಗುವ ಸಣ್ಣ ಪೇಟೆ, ಅಜಿಲ ಅರಸರ ಅರಮನೆ ಇರುವ ಊರು. ಬೇಸಿಗೆಯಲ್ಲಿ ಮದುವೆ, ನೇಮ, ಬ್ರಹ್ಮಕಲಶಗಳ ಕಾಲ ಬಂತೆಂದರೆ ಮುಂಬೈ, ಬೆಂಗಳೂರುಗಳಿಂದ ಬಂದ ದೊಡ್ಡ ದೊಡ್ಡ ಎಸ್‌ಯುವಿಗಳು ಈ ರಸ್ತೆಯ ಬದಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಕಾಲೇಜಿನ ಹುಡುಗರಿಗೆ ಅವುಗಳ ಗುಣವೆಲ್ಲ ಬಾಯಿಪಾಠ: ಎಷ್ಟು ಅಶ್ವಶಕ್ತಿ, ನೂರರ ವೇಗ ಮುಟ್ಟಲು ಎಷ್ಟು ಸೆಕೆಂಡು, ಏರ್ ಸಸ್ಪೆನ್ಷನ್ ಉಂಟೋ ಇಲ್ಲವೋ. ಆದರೆ ಈ ಗುಣಗಳೆಲ್ಲ ಯಾರಿಗಾಗಿ, ಯಾವ ದಾರಿಗಾಗಿ ಹುಟ್ಟಿದವು ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಜಿಲರದು ವೇಣೂರು ಸೀಮೆ. 1604ರಲ್ಲಿ ತಿಮ್ಮಣ್ಣ ಅಜಿಲ ವೇಣೂರಿನಲ್ಲಿ 35 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ. ಅಂದಿನ ಅರಸೊತ್ತಿಗೆಗಳಲ್ಲಿ ಸುಖದ ವಾಹನವೆಂದರೆ ಪಲ್ಲಕ್ಕಿ. ಗದ್ದೆಯ ಕಟ್ಟಪುಣಿ, ತೋಡಿಗೆ ಹಾಕಿದ ಅಡಿಕೆ ಮರದ ಸಂಕ, ಜಾರುವ ಮುರಕಲ್ಲಿನ ಗುಡ್ಡ ಇವನ್ನೆಲ್ಲ ದಾಟಬಲ್ಲ ಚಕ್ರ ಆಗ ಇರಲಿಲ್ಲ. ದಾಟಬಲ್ಲದ್ದು ಮನುಷ್ಯನ ಕಾಲು ಮಾತ್ರ. ಪಲ್ಲಕ್ಕಿಯಲ್ಲೂ ಒಂದು ಸಸ್ಪೆನ್ಷನ್ ಇತ್ತು. ಹೊರುವವರೆಲ್ಲ ಒಂದೇ ತಾಳದಲ್ಲಿ ಹೆಜ್ಜೆ ಇಟ್ಟರೆ ಪಲ್ಲಕ್ಕಿ ತೊಟ್ಟಿಲಿನಂತೆ ತೂಗುತ್ತದೆ. ಒಳಗೆ ಕೂತವರಿಗೆ ತಲೆ ಸುತ್ತುತ್ತದೆ. ಹಾಗಾಗಿ ನುರಿತ ಬೋವಿಗಳು ಬೇಕೆಂದೇ ಹೆಜ್ಜೆ ತಪ್ಪಿಸಿ ನಡೆಯುತ್ತಿದ್ದರು. ಒಬ್ಬನ ಏರು ಇನ್ನೊಬ್ಬನ ಇಳಿವಿನಲ್ಲಿ ಕರಗಿ, ಕುಲುಕಾಟ ಕೂತವರ ತನಕ ಮುಟ್ಟುತ್ತಿರಲಿಲ್ಲ. ಹೊತ್ತವರ ಹೆಗಲು ಮಾತ್ರ ಅದನ್ನು ಪೂರ್ತಿ ಉಣ್ಣುತ್ತಿತ್ತು.

ಸರಕಿನ ಕತೆ ಬೇರೆ. ಘಾಟಿಯ ಮೇಲಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಅದು ಹೇರೆತ್ತುಗಳ ಬೆನ್ನಿನ ಮೇಲೆ ಹೋಗುತ್ತಿತ್ತು. 19ನೇ ಶತಮಾನದಲ್ಲಿ ಘಾಟಿಗಳಲ್ಲಿ ಗಾಡಿದಾರಿ ಕಡಿದ ಮೇಲೆ ಎತ್ತಿನಗಾಡಿಗಳು ಬಂದವು. 1914ರಲ್ಲಿ ಮಂಗಳೂರಿನಲ್ಲಿ ವಿ. ಎಸ್. ಕುಡ್ವರು ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಕಟ್ಟಿದರು. ನಾವು ಈಗಲೂ ಸಿ.ಪಿ.ಸಿ. ಎಂದು ನೆನೆಯುವ ಬಸ್ಸುಗಳು ಅದರವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದವು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ನೂಕಬೇಕಾಗುತ್ತಿತ್ತು. ಬಸ್ಸು ಹೋದದ್ದು ದೊಡ್ಡ ರಸ್ತೆಯಲ್ಲಿ. ರಸ್ತೆಯಿಂದ ಎರಡು ಮೈಲು ಒಳಗಿನ ಮನೆಗೆ ಹೋಗಲು ಮತ್ತೆ ಕಾಲೇ ಗತಿ.

ಇದೇ ಯುದ್ಧ ಆ ಎರಡು ಮೈಲಿಗೂ ಒಂದು ಉತ್ತರವನ್ನು ಹುಟ್ಟಿಸಿತು. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ, ನಾಲ್ಕೂ ಚಕ್ರಗಳು ಎಳೆಯುವ ಒಂದು ಸಣ್ಣ ವಾಹನ ಬೇಕಾಯಿತು. ಬ್ಯಾಂಟಮ್ ಎಂಬ ಸಣ್ಣ ಕಂಪೆನಿ ಆ ಸೆಪ್ಟೆಂಬರಿನಲ್ಲಿ ಮೊದಲ ಮಾದರಿ ಒಪ್ಪಿಸಿತು. ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಅದನ್ನು ಬೆಳೆಸಿ ಲಕ್ಷಗಟ್ಟಲೆ ತಯಾರಿಸಿದವು. ಅದುವೇ ಜೀಪು. ವಿಲ್ಲಿಸ್ ಎಂಜಿನಿನ ಶಕ್ತಿ ಬರೀ 60 ಅಶ್ವಶಕ್ತಿ. ಆದರೆ ಅದರಲ್ಲಿ ಎರಡು ಗುಣಗಳಿದ್ದವು: ಬೇಕಾದಾಗ ಮುಂದಿನ ಚಕ್ರಗಳಿಗೂ ಶಕ್ತಿ ಹರಿಸುವ ಸನ್ನೆ, ಮತ್ತು ‘ಲೋ ರೇಂಜ್’ ಎನ್ನುವ ಎರಡನೆಯ ಹಲ್ಲುಚಕ್ರದ ಪೆಟ್ಟಿಗೆ. 1940ರ ದಶಕದ ಕೊನೆಗೆ ಮಹೀಂದ್ರ ಕಂಪೆನಿ ಇದನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ಜೀಪು ನಮ್ಮದಾಯಿತು.

ಲೋ ರೇಂಜ್ ಎಂದರೇನು ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಧರ್ಮಸ್ಥಳದ ಬಾಹುಬಲಿಯನ್ನು ತೋರಿಸುತ್ತೇನೆ. 39 ಅಡಿಯ ಆ ವಿಗ್ರಹವನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದ್ದು ಕಾರ್ಕಳದಲ್ಲಿ. ಅಲ್ಲಿಂದ ಧರ್ಮಸ್ಥಳಕ್ಕೆ ಅದು ಬಂದದ್ದು ಹತ್ತಾರು ಚಕ್ರಗಳ ಟ್ರಾಲಿಯಲ್ಲಿ, ಇರುವೆಯಂತೆ ತೆವಳುತ್ತಾ. ಬಲ ಬೇರೆ, ವೇಗ ಬೇರೆ. ಎಂಜಿನಿನ ಶಕ್ತಿ ಅಷ್ಟೇ ಇದ್ದರೂ, ಹಲ್ಲುಚಕ್ರಗಳ ಲೆಕ್ಕ ಬದಲಿಸಿ ವೇಗವನ್ನು ಬಿಟ್ಟುಕೊಟ್ಟರೆ ಚಕ್ರಕ್ಕೆ ತಿರುಗಿಸುವ ಬಲ ಹೆಚ್ಚು ಸಿಗುತ್ತದೆ. ಜೀಪಿನ ಲೋ ರೇಂಜ್ ಮಾಡುವುದು ಇದನ್ನೇ. ಇಳಿಜಾರಿನಲ್ಲೂ ಅದು ಕೆಲಸಕ್ಕೆ ಬರುತ್ತದೆ: ಬ್ರೇಕು ಒತ್ತದೆ, ಎಂಜಿನೇ ಗಾಡಿಯನ್ನು ಹಿಡಿದು ನಿಧಾನಕ್ಕೆ ಇಳಿಸುತ್ತದೆ.

ಬೆಳ್ತಂಗಡಿ, ಸುಳ್ಯ ತಾಲೂಕುಗಳಲ್ಲಿ ಬೆಳೆದವರಿಗೆ ಜೀಪೆಂದರೆ ಸೈನ್ಯವಲ್ಲ, ಸರ್ವಿಸು. ನಾನು ಶಾಲೆಗೆ ಹೋಗುವ ಕಾಲದಲ್ಲಿ ಒಂದು ಜೀಪಿನಲ್ಲಿ ಹದಿನೈದು ಜನ ಎಂದರೆ ಖಾಲಿ ಜೀಪು ಎಂದೇ ಅರ್ಥ. ಡ್ರೈವರಣ್ಣ ಅರ್ಧ ಹೊರಗೆ, ಅರ್ಧ ಒಳಗೆ. ಹಿಂದಿನ ಹಲಗೆಯ ಮೇಲೆ ನಿಂತವರ ಮಡಿಲಿಗೆ ಮಡಿಲು ತಾಗುವಂತೆ ಅಕ್ಕಿಯ ಮುಡಿ, ಹಿಂಡಿಯ ಚೀಲ, ಒಮ್ಮೊಮ್ಮೆ ಕಾಲು ಕಟ್ಟಿದ ಕೋಳಿ. ಎಲ್ಲ ಜೀಪುಗಳಲ್ಲೂ ಫೋರ್ ವೀಲ್ ಇರಲಿಲ್ಲ. ಇದ್ದ ಜೀಪಿಗೆ ಮಳೆಗಾಲದಲ್ಲಿ ಬೇರೆಯೇ ಮರ್ಯಾದೆ. ಕೆಸರಿನ ಏರು ಬಂದಾಗ ಡ್ರೈವರಣ್ಣ, ‘ಸ್ವಲ್ಪ ಗಟ್ಟಿ ಹಿಡ್ಕೊಳ್ಳಿ ಮಾರಾಯ್ರೆ’ ಎಂದು ಸಣ್ಣ ಸನ್ನೆಯನ್ನು ಎಳೆಯುತ್ತಿದ್ದ. ಜೀಪಿನ ದನಿ ದಪ್ಪವಾಗಿ, ಅದು ಗುಡ್ಡ ಹತ್ತುತ್ತಿತ್ತು. ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು, ಹಾವು ಕಚ್ಚಿದವರನ್ನು ಪೇಟೆಗೆ ಮುಟ್ಟಿಸಿದ್ದು ಇಂಥ ಜೀಪುಗಳೇ. ಅದರಲ್ಲಿ ಸುಖವೆನ್ನುವುದು ಎಳ್ಳಷ್ಟೂ ಇರಲಿಲ್ಲ. ಮುಟ್ಟುವುದೇ ಸುಖ.

ಈಗ ಕಡಲಾಚೆಗೆ ಹೋಗೋಣ. ಜೀಪನ್ನು ಕಂಡು ಇಂಗ್ಲೆಂಡಿನ ರೋವರ್ ಕಂಪೆನಿ 1948ರಲ್ಲಿ ರೈತರಿಗಾಗಿ ಲ್ಯಾಂಡ್ ರೋವರ್ ತಂದಿತು. ಯುದ್ಧಾನಂತರ ಉಕ್ಕಿನ ಅಭಾವವಿದ್ದುದರಿಂದ ಅದರ ಮೈಗೆ ಅಲ್ಯೂಮಿನಿಯಂ ಹಾಕಿದರು. 1970ರಲ್ಲಿ ಅದೇ ಕಂಪೆನಿಯ ರೇಂಜ್ ರೋವರ್ ಬಂತು: ಸದಾ ನಾಲ್ಕು ಚಕ್ರಗಳಿಗೂ ಶಕ್ತಿ, ಪಟ್ಟಿ ಸ್ಪ್ರಿಂಗಿನ ಬದಲು ಸುರುಳಿ ಸ್ಪ್ರಿಂಗು, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು, ವಿ8 ಎಂಜಿನು. ಇವತ್ತಿನ ಎಲ್ಲ ಐಷಾರಾಮಿ ಎಸ್‌ಯುವಿಗಳ ಮೂಲಪುರುಷ ಎಂದು ಇದನ್ನು ಕರೆಯುವವರಿದ್ದಾರೆ. ಆದರೆ ಮೊದಲ ರೇಂಜ್ ರೋವರಿನ ಸೀಟುಗಳು ಪ್ಲಾಸ್ಟಿಕ್ಕಿನವು. ಒಳಗೆಲ್ಲ ಪೈಪಿನಿಂದ ನೀರು ಬಿಟ್ಟು ತೊಳೆಯಬಹುದಿತ್ತು. ಅಂದರೆ ಕೆಸರು ಒಳಗೆ ಬಂದೇ ಬರುತ್ತದೆ ಎಂಬ ನಂಬಿಕೆಯಲ್ಲಿ ಕಟ್ಟಿದ ಗಾಡಿ ಅದು. ತೊಗಲಿನ ಸೀಟು, ಮರದ ಅಲಂಕಾರ ಎಲ್ಲ ಆಮೇಲೆ ಬಂದವು. 1992ರಲ್ಲಿ ಅದಕ್ಕೆ ಏರ್ ಸಸ್ಪೆನ್ಷನ್ ಬಂತು: ಉಕ್ಕಿನ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರಿನ ಚೀಲಗಳು. ಗಾಳಿ ಹೆಚ್ಚಿಸಿದರೆ ಗಾಡಿ ಮೇಲೇರುತ್ತದೆ, ಇಳಿಸಿದರೆ ತಗ್ಗುತ್ತದೆ. ಬೋವಿಗಳ ಹೆಗಲು ಮಾಡುತ್ತಿದ್ದ ಕೆಲಸ ಗಾಳಿಗೆ ಬಂತು.

1997ರಲ್ಲಿ ಲ್ಯಾಂಡ್ ರೋವರಿನ ಫ್ರೀಲ್ಯಾಂಡರ್ ಎಂಬ ಚಿಕ್ಕ ಗಾಡಿ ಬಂತು. ಅದರಲ್ಲಿ ಲೋ ರೇಂಜ್ ಇರಲಿಲ್ಲ. ಆ ಕೊರತೆಯನ್ನು ತುಂಬಲು, ಕಡಿದಾದ ಇಳಿಜಾರಿನಲ್ಲಿ ಬ್ರೇಕುಗಳನ್ನು ತಾನೇ ಬಿಗಿದು ಸಡಿಲಿಸುವ ‘ಹಿಲ್ ಡಿಸೆಂಟ್ ಕಂಟ್ರೋಲ್’ ಹುಟ್ಟಿತು. 2004ರ ಡಿಸ್ಕವರಿಯಲ್ಲಿ ಮಣ್ಣು, ಮರಳು, ಕಲ್ಲು ಎಂದು ಗುಂಡಿ ತಿರುಗಿಸಿದರೆ ಸಾಕು, ಉಳಿದದ್ದನ್ನು ಗಾಡಿಯೇ ನೋಡಿಕೊಳ್ಳುವ ವ್ಯವಸ್ಥೆ ಬಂತು. ಡ್ರೈವರಣ್ಣ ಇಪ್ಪತ್ತು ವರ್ಷದ ಮಳೆಗಾಲಗಳಲ್ಲಿ ಕಲಿತ ಕೈಚಳಕ ಈಗ ಒಂದು ಗುಂಡಿಯೊಳಗೆ ಸೇರಿತು. 2008ರಲ್ಲಿ ಜಾಗ್ವಾರ್ ಜೊತೆಗೆ ಈ ಲ್ಯಾಂಡ್ ರೋವರನ್ನೇ ನಮ್ಮ ಟಾಟಾ ಕೊಂಡಿತು.

ವೇಗದ ಕತೆ ಇನ್ನೊಂದು ಕವಲು. ಲ್ಯಾಂಬೊರ್ಗಿನಿ 1986ರಲ್ಲಿಯೇ ತನ್ನ ರೇಸಿನ ಕಾರಿನಂಥ ವಿ12 ಎಂಜಿನನ್ನು ಎಲ್‌ಎಂ002 ಎಂಬ ದೈತ್ಯ ಗಾಡಿಗೆ ಹಾಕಿತ್ತು. 2002ರಲ್ಲಿ ಪೋರ್ಷೆ ಕಂಪೆನಿ ಕಯೆನ್ ತಂದಿತು. ಅದರ ಟರ್ಬೊ ಮಾದರಿಗೆ 450 ಅಶ್ವಶಕ್ತಿ. 2017ರ ಡಿಸೆಂಬರಿನಲ್ಲಿ ಲ್ಯಾಂಬೊರ್ಗಿನಿಯ ಉರುಸ್ ಬಂತು. ನಮ್ಮ ತಾಲೂಕಿನವರಿಗೆ ಈ ಹೆಸರು ಕೇಳಿದರೆ ಮೊದಲು ನೆನಪಾಗುವುದು ಕಾಜೂರಿನ ಉರೂಸ್. ಆದರೆ ಇದು ಬೇರೆ: ನಾವು ಸಾಕುವ ದನಗಳ ಪೂರ್ವಜನಾದ, ಈಗ ಅಳಿದುಹೋದ ಕಾಡೆತ್ತಿನ ಹೆಸರು. 4 ಲೀಟರಿನ ವಿ8, ಎರಡು ಟರ್ಬೊ, 650 ಅಶ್ವಶಕ್ತಿ, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 3.6 ಸೆಕೆಂಡು, ಗರಿಷ್ಠ 305 ಕಿಲೋಮೀಟರ್. ಎರಡು ಟನ್ನಿಗೂ ಹೆಚ್ಚು ತೂಕದ ಗಾಡಿಯನ್ನು ಆ ವೇಗದಿಂದ ನಿಲ್ಲಿಸಬೇಕಲ್ಲ, ಅದಕ್ಕೆ ಕಾರ್ಬನ್ ಸೆರಾಮಿಕ್ ಬ್ರೇಕು. ತಿರುವಿನಲ್ಲಿ ಹಿಂದಿನ ಚಕ್ರಗಳೂ ಸ್ವಲ್ಪ ತಿರುಗುತ್ತವೆ. ಏರ್ ಸಸ್ಪೆನ್ಷನ್ ನೆಲದಿಂದ 158 ಮಿಲಿಮೀಟರಿಗೆ ಇಳಿಯುತ್ತದೆ, 248ಕ್ಕೆ ಏರುತ್ತದೆ. 2018ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಬೆಲೆ ಮೂರು ಕೋಟಿ ರೂಪಾಯಿ.

ಈ ಪಟ್ಟಿಯಲ್ಲಿ ಒಂದು ಇಲ್ಲದ್ದನ್ನು ಗಮನಿಸಬೇಕು. ಉರುಸಿನಲ್ಲಿ ಲೋ ರೇಂಜ್ ಇಲ್ಲ. ಮೊದಲ ಕಯೆನಿನಲ್ಲಿ ಅದು ಇತ್ತು. 2010ರಲ್ಲಿ ಬಂದ ಎರಡನೆಯ ತಲೆಮಾರಿನಲ್ಲಿ ತೆಗೆದುಹಾಕಿದರು. ಬಳಸುವವರು ಕಡಿಮೆ, ತೂಕ ಮಾತ್ರ ಹೆಚ್ಚು. ಲೆಕ್ಕಕ್ಕೆ ಇದು ಸರಿಯೇ. ಆದರೆ ಚರಿತ್ರೆಯ ದೃಷ್ಟಿಯಿಂದ ನೋಡಿದರೆ, ಜೀಪನ್ನು ಜೀಪು ಮಾಡಿದ ಅಂಗವೇ ಅದರ ಅತಿ ಶ್ರೀಮಂತ ವಂಶಜನಲ್ಲಿ ಉದುರಿಹೋಗಿದೆ. ಎತ್ತರ ಉಳಿದಿದೆ, ದಪ್ಪ ಚಕ್ರ ಉಳಿದಿದೆ, ಗುಡ್ಡ ಹತ್ತುವ ಗತ್ತು ಉಳಿದಿದೆ. ಗುಡ್ಡವೊಂದು ಎದುರಿಗಿಲ್ಲ.

ಹಾಗಾದರೆ ಗುಡ್ಡ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಅಳದಂಗಡಿಯ ಪೇಟೆಯಲ್ಲಿ ಡಾಮರು ಬಂದಿದೆ, ಒಳದಾರಿಗಳಿಗೆ ಕಾಂಕ್ರೀಟು ಬಂದಿದೆ, ಸಂಕದ ಜಾಗದಲ್ಲಿ ಸೇತುವೆ ಬಂದಿದೆ. ಆದರೆ ಇದೇ ಬೆಳ್ತಂಗಡಿ ತಾಲೂಕಿನಲ್ಲಿ, ಘಾಟಿಯ ನೆತ್ತಿಯ ಮೇಲೆ ಎಳನೀರು ಎಂಬ ಊರಿದೆ. ದಿಡುಪೆಯಿಂದ ಅಲ್ಲಿಗೆ ಕೆಲವೇ ಕಿಲೋಮೀಟರಿನ ಘಾಟಿ ದಾರಿ. ಅದು 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಹಾದು ಹೋಗುತ್ತದೆ. ಅಲ್ಲಿ ಒಳ್ಳೆಯ ರಸ್ತೆ ಬೇಕೆನ್ನುವುದು ಊರವರ ದಶಕಗಳ ಬೇಡಿಕೆ. ರಸ್ತೆ ಅಗಲವಾದಷ್ಟು ಕಾಡು ಕಿರಿದಾಗುತ್ತದೆ ಎನ್ನುವ ಮಾತಿನಲ್ಲೂ ಸತ್ಯವಿದೆ. ಈ ಎರಡರ ನಡುವೆ ಆ ದಾರಿಯಲ್ಲಿ ಓಡಿದ್ದು ಜೀಪು. ಅದು ಬೇಡವೆಂದರೆ ಎಳನೀರಿನವರು ತಮ್ಮದೇ ತಾಲೂಕು ಕಚೇರಿಗೆ ಬರಲು ಸಂಸೆ, ಕುದುರೆಮುಖ, ಬಜಗೋಳಿ, ನಾರಾವಿ ಸುತ್ತಿ, ನಮ್ಮ ಅಳದಂಗಡಿಯನ್ನು ಹಾದು, ನೂರು ಕಿಲೋಮೀಟರಿನ ಆಸುಪಾಸು ಪ್ರಯಾಣ ಮಾಡಬೇಕು.

2019ರ ಆಗಸ್ಟಿನ ನೆರೆಯನ್ನು ನೆನೆದುಕೊಳ್ಳಿ. ಚಾರ್ಮಾಡಿ ಘಾಟಿ ಕುಸಿದು ಮುಚ್ಚಿತು, ದಿಡುಪೆಯ ಸುತ್ತಮುತ್ತ ತೋಟಗಳ ಮೇಲೆ ಮರಳು, ಮರದ ದಿಮ್ಮಿ ತುಂಬಿತು, ಸೇತುವೆಗಳು ಕೊಚ್ಚಿಹೋದವು. ನೂರು ವರ್ಷದಲ್ಲಿ ನಾವು ಗೆದ್ದುಕೊಂಡ ದಾರಿ ಒಂದು ದಿನದಲ್ಲಿ ಮರಳಿ ಗುಡ್ಡವಾಯಿತು. ಕಾಡಂಚಿನ ಮನೆಗಳಿಂದ ರೋಗಿಗಳನ್ನು ಬಡಿಗೆಗೆ ಕಟ್ಟಿದ ಕಂಬಳಿಯಲ್ಲಿ ಹೊತ್ತು ತಂದ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಇನ್ನೂ ಹಳತಾಗಿಲ್ಲ. ಪಲ್ಲಕ್ಕಿ ಹೊರುವ ಹೆಗಲು ಹೀಗೆ ಬೇರೆ ರೂಪದಲ್ಲಿ ಉಳಿದುಕೊಂಡಿದೆ. ಆಗ ಅದು ಅರಸರಿಗೆ ಸುಖ. ಈಗ ಬಡವರಿಗೆ ಬೇರೆ ದಾರಿ ಇಲ್ಲದ ಕಷ್ಟ.

ದುಬಾರಿ ಗಾಡಿಗಳನ್ನು ಹಳಿಯಲು ನಾನು ಇದನ್ನು ಬರೆಯುತ್ತಿಲ್ಲ. ಒಳ್ಳೆಯ ಯಂತ್ರವನ್ನು ನೋಡುವುದರಲ್ಲಿ ಒಳ್ಳೆಯ ಶಿಲ್ಪ ನೋಡಿದ ಸಂತೋಷವಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳ ಎದುರು ನಾನೂ ಗಂಟೆಗಟ್ಟಲೆ ನಿಂತದ್ದಿದೆ. ಹೇಳಬೇಕಾದದ್ದು ಇಷ್ಟೇ: ಎಸ್‌ಯುವಿಯ ಒಂದೊಂದು ಸೌಲಭ್ಯವೂ ಎಲ್ಲೋ ಒಂದು ಕೆಟ್ಟ ದಾರಿ ಕೇಳಿದ ಪ್ರಶ್ನೆಗೆ ಮನುಷ್ಯ ಕೊಟ್ಟ ಉತ್ತರ. ದಾರಿ ಸರಿಯಾದಲ್ಲಿ ಉತ್ತರ ಅಲಂಕಾರವಾಯಿತು. ದಾರಿ ಸರಿಯಾಗದಲ್ಲಿ ಉತ್ತರ ಇನ್ನೂ ಮುಟ್ಟಿಲ್ಲ. ಜಾರುವ ಇಳಿಜಾರಿನಲ್ಲಿ ತಾನೇ ಬ್ರೇಕು ಹಿಡಿಯುವ ಉಪಾಯ, ತೋಡು ಬಂದಾಗ ಮೇಲೇಳುವ ಸಸ್ಪೆನ್ಷನ್, ಕೆಸರಿನ ಗುರುತು ಹಿಡಿಯುವ ಚಕ್ರ, ಇವೆಲ್ಲ ಮೊದಲು ಬೇಕಾದದ್ದು ಘಾಟಿಯ ಬುಡದ ಆಂಬುಲೆನ್ಸಿಗೆ, ಲೈನ್‌ಮ್ಯಾನಿನ ಗಾಡಿಗೆ, ಪಡಿತರ ಹೊತ್ತು ಹತ್ತುವ ಟೆಂಪೋಗೆ. ಕಾಡನ್ನು ಅಗಲಿಸದೆ ಊರನ್ನು ತಲುಪುವ ಒಂದು ದಾರಿಯೂ ಅದರಲ್ಲಿ ಇರಬಹುದು: ರಸ್ತೆಯನ್ನು ಗಾಡಿಗೆ ತಕ್ಕಂತೆ ಕಡಿಯುವ ಬದಲು, ರಸ್ತೆಗೆ ತಕ್ಕ ಗಾಡಿಯನ್ನು ಕೊಡುವುದು. 1940ರಲ್ಲಿ ಜೀಪು ಕಟ್ಟಿದವರು ಹಿಡಿದದ್ದೂ ಇದೇ ದಾರಿಯನ್ನು.