ಹೈಟಿಯ ಹಿಂಸೆ ಮತ್ತು ಋಣಭಾರ

ಹೈಟಿಯ ಹಿಂಸಾಚಾರಕ್ಕೆ ಜನಸ್ವಭಾವವೇ ಮೂಲವೆಂಬ ಮಾತನ್ನು ನಾವು ಒಪ್ಪಲಾರೆವು. ಗುಲಾಮರು ಬಂಡೆದ್ದು 1804ರಲ್ಲಿ ಸ್ಥಾಪಿಸಿದ ಆ ರಾಷ್ಟ್ರದ ಮೇಲೆ ಫ್ರಾನ್ಸು 1825ರಲ್ಲಿ ಯುದ್ಧನೌಕೆಗಳನ್ನು ಮುಂದೊಡ್ಡಿ 15 ಕೋಟಿ ಫ್ರಾಂಕುಗಳ ಪರಿಹಾರವನ್ನು ಹೇರಿತು. ದುಡಿದವರಿಗಲ್ಲ, ದುಡಿಸಿದವರಿಗೆ ಪರಿಹಾರ! 1838ರಲ್ಲಿ ಅದು 9 ಕೋಟಿಗೆ ಇಳಿಯಿತಾದರೂ, ಮೊದಲ ಕಂತಿಗೇ ಪ್ಯಾರಿಸಿನಲ್ಲಿ ಸಾಲವೆತ್ತಬೇಕಾಗಿದ್ದಿತು. ಆ ಸಾಲದಿಂದ ಹುಟ್ಟಿದ ಸಾಲಗಳು ತೀರಿದುದು 1947ರಲ್ಲಿ. ಕಾಫಿಯ ರಫ್ತುಸುಂಕವು ಹೀಗೆ ಹೊರಕ್ಕೆ ಹರಿಯಲು, ಶಾಲೆ ರಸ್ತೆಗಳಿಗೆ ಉಳಿದುದು ಅತ್ಯಲ್ಪ. ಬೊಕ್ಕಸದ ಒಡೆತನವೇ ರಾಜಕಾರಣವಾಯಿತು. ಅದಕ್ಕೆ ಆಯುಧಧಾರಿಗಳು ಬೇಕಾದರು. 1957ರಲ್ಲಿ ಅಧಿಕಾರಕ್ಕೆ ಬಂದ ದ್ಯುವಾಲಿಯೆ ಕಟ್ಟಿದ ಖಾಸಗಿ ಪಡೆ ಅದರ ಒಂದು ರೂಪ. 2021ರಲ್ಲಿ ಅಧ್ಯಕ್ಷ ಮೊಯೀಸ್ ಹತರಾದ ಮೇಲೆ ಸಶಸ್ತ್ರ ತಂಡಗಳು ಹೆದ್ದಾರಿಗಳಲ್ಲಿ ತಾವೇ ಸುಂಕವೆತ್ತಿದುವು. ಆರ್ತಿಬೊನೀತ್ ಕಣಿವೆಯ ಅನೇಕ ಭತ್ತದ ಬೆಳೆಗಾರರು ಗದ್ದೆಗಳನ್ನು ತೊರೆದರು.