ಮೇಜಿನ ಮೇಲೊಂದು ಅಳಿವೆ

ಚದುರಂಗದ ಮಣೆಯ ಮೇಲೆ ಕಡಲಿಲ್ಲ. ಆನೆ ಇದೆ, ಕುದುರೆ ಇದೆ, ಒಂಟೆ ಇದೆ, ರಾಜ ಮಂತ್ರಿಗಳಿದ್ದಾರೆ. ಅರವತ್ತನಾಲ್ಕು ಮನೆಗಳೂ ಒಣ ನೆಲವೇ. ಹಾಗಂತ ಎಲ್ಲ ಕಡೆಯೂ ಹೀಗೇ ಎಂದುಕೊಳ್ಳಬಾರದು. ನಾವು ಆನೆ ಎನ್ನುವ ಮೂಲೆಯ ಕಾಯಿಯನ್ನು ಬಂಗಾಳದವರು ‘ನೌಕಾ’ ಎನ್ನುತ್ತಾರೆ. ನಾಲ್ವರು ಕುಳಿತು ದಾಳ ಹಾಕಿ ಆಡುತ್ತಿದ್ದ ಅಲ್ಲಿನ ಹಳೆಯ ಚದುರಂಗದಲ್ಲಿ ರಥದ ಜಾಗದಲ್ಲಿ ದೋಣಿಯೇ ನಿಂತಿತ್ತು. ದೂರದ ರಷ್ಯದವರೂ ಆ ಕಾಯಿಗೆ ದೋಣಿ ಎಂದೇ ಹೆಸರಿಟ್ಟಿದ್ದಾರೆ. ಆದರೆ ಹೆಸರು ದೋಣಿಯಾದರೂ ಅದರ ನಡೆ ನೆಲದ್ದೇ. ಅದು ಗಾಳಿಗಾಗಿ ಕಾಯುವುದಿಲ್ಲ; ಇಳಿತದ ಹೊತ್ತಿಗೆ ಮರಳ ದಿಬ್ಬದ ಮೇಲೆ ಕುಳಿತುಬಿಡುವುದಿಲ್ಲ. ನೆಲವನ್ನೂ ನೀರನ್ನೂ ಒಂದೇ ಮಣೆಯ ಮೇಲೆ ತರುವುದು ಅಷ್ಟು ಸುಲಭದ ಕೆಲಸವಲ್ಲ.

ಯುದ್ಧವನ್ನು ಆಟವಾಗಿ ಆಡಿದವರ ಚರಿತ್ರೆ ನೋಡಿದರೂ ಈ ಮಾತು ಸ್ಪಷ್ಟವಾಗುತ್ತದೆ. 1824ರಲ್ಲಿ ಪ್ರಷ್ಯದ ಸೈನ್ಯದ ಅಧಿಕಾರಿ ರೈಸ್ವಿಟ್ಸ್ ತನ್ನ ತಂದೆ ಆರಂಭಿಸಿದ್ದ ಆಟವನ್ನು ತಿದ್ದಿ, ನಕಾಶೆಯ ಮೇಲೆ ಸೈನ್ಯಗಳನ್ನು ನಡೆಸುವ ಕ್ರಮವೊಂದನ್ನು ಪ್ರಕಟಿಸಿದ. ಅದರಲ್ಲಿ ಒಂದು ನಡೆ ಎಂದರೆ ರಣರಂಗದ ಎರಡು ನಿಮಿಷ. ಅದೆಲ್ಲ ನೆಲದ ಆಟ. ಅದಕ್ಕೂ ಮೊದಲು, 1782ರಲ್ಲಿ, ಸ್ಕಾಟ್ಲೆಂಡಿನ ಜಾನ್ ಕ್ಲರ್ಕ್ ಎಂಬ ವರ್ತಕ ಪುಟ್ಟ ಪುಟ್ಟ ಹಡಗುಗಳನ್ನು ಮೇಜಿನ ಮೇಲೆ ಸರಿಸಿ ಸರಿಸಿ ನೌಕಾಯುದ್ಧದ ತಂತ್ರದ ಬಗ್ಗೆ ಪುಸ್ತಕ ಬರೆದಿದ್ದ. ಯುದ್ಧದ ಹಡಗಿನಲ್ಲಿ ಒಂದು ದಿನವೂ ಅಧಿಕಾರ ನಡೆಸಿದವನಲ್ಲ ಆತ. 1898ರಲ್ಲಿ ಫ್ರೆಡ್ ಜೇನ್ ಎಂಬಾತ ಹಡಗುಗಳ ಕಾಳಗದ ಆಟವನ್ನು ನಿಯಮಬದ್ಧವಾಗಿ ಹೊರತಂದ. ಅದೆಲ್ಲ ನೀರಿನ ಆಟ. ನೆಲದವರು ನೆಲದ ಮೇಲೆ, ನೀರಿನವರು ನೀರಿನ ಮೇಲೆ. ಅಣ್ಣತಮ್ಮಂದಿರು ಪಾಲಾದ ಮನೆಯ ಹಾಗೆ, ನಡುವೆ ಒಂದು ಗೋಡೆ.

ಈ ಗೋಡೆಯ ಪಕ್ಕದಲ್ಲಿ ಕುಳಿತಿದ್ದವರಲ್ಲಿ ನನಗೆ ಬಹಳ ಇಷ್ಟವಾದವನು ರಾಬರ್ಟ್ ಲೂಯಿ ಸ್ಟೀವನ್‌ಸನ್. ‘ಟ್ರೆಷರ್ ಐಲೆಂಡ್’ ಓದಿದ ಯಾರಿಗಾದರೂ ಅವನ ಹೆಸರು ಮರೆಯದು. ಎದೆಯ ಕಾಯಿಲೆಯಿಂದ ನರಳುತ್ತಿದ್ದ ಆತ 1881ರ ಶರತ್ಕಾಲದಲ್ಲಿ ಆ ಕಾದಂಬರಿಯನ್ನು ಬರೆದು ಮುಗಿಸಿದ್ದು ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ, ಕಡಲೇ ಇಲ್ಲದ ದೇಶದ ಹಿಮದ ನಡುವೆ. ಅಲ್ಲಿದ್ದಾಗಲೇ ಮಲಮಗ ಲಾಯ್ಡ್ ಆಸ್‌ಬರ್ನ್ ಜತೆ ಅಟ್ಟದ ನೆಲದ ಮೇಲೆ ಪರ್ವತ, ನದಿ, ಸೇತುವೆ, ಊರುಗಳ ನಕಾಶೆ ಬರೆದು, ತವರದ ಸೈನಿಕರನ್ನು ನಡೆಸಿ ಅವನು ಯುದ್ಧದಾಟ ಆಡುತ್ತಿದ್ದ. ಅಡಿಪಟ್ಟಿಯಿಂದ ಅಳೆಯುವುದು, ದಾಳ ಉರುಳಿಸುವುದು, ಲೆಕ್ಕ ಹಾಕುವುದು ಎಲ್ಲ ಇತ್ತೆಂದು ಲಾಯ್ಡ್ 1898ರಲ್ಲಿ ಒಂದು ಪತ್ರಿಕೆಗೆ ಬರೆದ. ಅಟ್ಟದಲ್ಲಿ ನೆಲದ ಯುದ್ಧ, ಬರೆಯುವ ಕೋಣೆಯಲ್ಲಿ ಕಡಲುಗಳ್ಳರ ಕಥೆ. ಕಾದಂಬರಿಯಲ್ಲಂತೂ ಎರಡೂ ಕೂಡಿಯೇ ಬಂದಿವೆ. ಲಂಗರು ಹಾಕಿದ ಹಡಗು ದ್ವೀಪದ ಮರದ ಕೋಟೆಗೆ ಗುಂಡು ಹಾರಿಸುತ್ತದೆ. ಹುಡುಗನೊಬ್ಬ ಪುಟ್ಟ ದೋಣಿಯಲ್ಲಿ ಹೋಗಿ ಲಂಗರಿನ ಹಗ್ಗ ಕತ್ತರಿಸಿ, ಕೊನೆಗೆ ಹಡಗನ್ನು ದಂಡೆಗೆ ಹತ್ತಿಸುತ್ತಾನೆ. ಕಥೆಗಾರ ಗೋಡೆ ಒಡೆದಿದ್ದ. ಆಟಗಾರರು ಇನ್ನೂ ಒಡೆಯಬೇಕಿತ್ತು.

ಕಡಲುಗಳ್ಳರೆಂದರೆ ನಮ್ಮ ಕಣ್ಣಮುಂದೆ ಬರುವುದು ನಡುಗಡಲಿನ ಕಾಳಗ. ಚರಿತ್ರೆ ಹೇಳುವುದು ಬೇರೆ. ಹದಿನೇಳನೇ ಶತಮಾನದ ಕೆರಿಬಿಯನ್ ಕಡಲಿನಲ್ಲಿ ಅವರ ದೊಡ್ಡ ಲೂಟಿಗಳು ನಡೆದದ್ದು ಊರುಗಳಲ್ಲಿ. ಹಡಗು ಅವರಿಗೆ ರಣರಂಗವಾಗಿದ್ದುದಕ್ಕಿಂತ ಹೆಚ್ಚಾಗಿ ಸವಾರಿ. ಹೆನ್ರಿ ಮಾರ್ಗನ್ 1669ರಲ್ಲಿ ಮರಕೈಬೊ ಸರೋವರಕ್ಕೆ ನುಗ್ಗಿದ ಪ್ರಸಂಗವನ್ನೇ ನೋಡಿ. ಅದು ಈಗಿನ ವೆನಿಜುವೆಲದಲ್ಲಿದೆ. ಹೆಸರಿಗೆ ಸರೋವರ, ಇಕ್ಕಟ್ಟಾದ ಬಾಯಿಯೊಂದರಿಂದ ಕಡಲಿಗೆ ಸೇರಿಕೊಂಡಿದೆ. ಆ ಬಾಯಿಯನ್ನು ಕಾಯಲು ಸ್ಪೇನಿನವರು ಕಟ್ಟಿದ್ದ ಸಾನ್ ಕಾರ್ಲೋಸ್ ಕೋಟೆ. ಮಾರ್ಚ್ ತಿಂಗಳಲ್ಲಿ ಎಂಟು ಹಡಗು, ಸುಮಾರು 500 ಜನರೊಂದಿಗೆ ಬಂದ ಮಾರ್ಗನ್ ಕೋಟೆಯನ್ನು ಹೊಕ್ಕಾಗ ಅದು ಖಾಲಿ. ಮದ್ದಿನ ಉಗ್ರಾಣಕ್ಕೆ ಹಚ್ಚಿಟ್ಟಿದ್ದ ಬತ್ತಿಯೊಂದು ಮಾತ್ರ ಉರಿಯುತ್ತಿತ್ತು. ಅದನ್ನು ಆರಿಸಿ, ಒಳಗೆ ಹೋಗಿ, ಮರಕೈಬೊ ಮತ್ತು ಜಿಬ್ರಾಲ್ಟರ್ ಎಂಬ ಎರಡು ಊರುಗಳನ್ನು ವಾರಗಟ್ಟಲೆ ಸುಲಿದರು.

ತಿರುಗಿ ಬರುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಡಾನ್ ಅಲೋನ್ಸೊ ಎಂಬ ಸ್ಪೇನಿನ ದಳಪತಿ ಮೂರು ಯುದ್ಧದ ಹಡಗುಗಳನ್ನು ತಂದು ಬಾಯಿಯಲ್ಲಿ ನಿಲ್ಲಿಸಿ, ಕೋಟೆಗೆ ಮತ್ತೆ ಫಿರಂಗಿ ಏರಿಸಿದ್ದ. ಫಿರಂಗಿಯ ಲೆಕ್ಕದಲ್ಲಿ ಮಾರ್ಗನ್ ಏನೇನೂ ಸಾಲದು. ಆಗ ಅವನು ಹಿಡಿದಿದ್ದ ಒಂದು ಹಡಗಿಗೆ ಡಾಂಬರು, ಮದ್ದು ತುಂಬಿಸಿ, ಮರದ ದಿಮ್ಮಿಗಳಿಗೆ ಟೋಪಿ ತೊಡಿಸಿ ಜನರಂತೆ ನಿಲ್ಲಿಸಿದ. ಹನ್ನೆರಡು ಜನ ಅದನ್ನು ನಡೆಸಿಕೊಂಡು ಹೋಗಿ ಸ್ಪೇನಿನ ಮುಖ್ಯ ಹಡಗಾದ ಮ್ಯಾಗ್ದಲೇನಾಕ್ಕೆ ಕೊಕ್ಕೆ ಹಾಕಿ ಬೆಂಕಿಯಿಟ್ಟರು. ಅದು ಉರಿದುಹೋಯಿತು. ಎರಡನೆಯದನ್ನು ಅದರವರೇ ದಂಡೆಗೆ ಹತ್ತಿಸಿ ಸುಟ್ಟರು. ಮೂರನೆಯದು ಮಾರ್ಗನ್ನನ ಪಾಲಾಯಿತು.

ಕಡಲಿನ ಯುದ್ಧ ಗೆದ್ದಾಯಿತು. ಆದರೆ ಕೋಟೆ ಹಾಗೇ ಇತ್ತು. ನೆಲದ ಕಡೆಯಿಂದ ಕೋಟೆಯ ಮೇಲೆ ಬಿದ್ದು ಸುಮಾರು 30 ಜನರನ್ನು ಕಳೆದುಕೊಂಡು ಹಿಂದೆ ಸರಿದರು. ಆಮೇಲೆ ನಡೆದದ್ದು ಬರೀ ಉಪಾಯ. ಹಗಲೆಲ್ಲ ದೋಣಿಗಳ ತುಂಬ ಜನ ಕುಳಿತು ದಂಡೆಗೆ ಹೋಗುವುದು. ಮರಗಳ ಮರೆಯಲ್ಲಿ ಅವರೆಲ್ಲ ದೋಣಿಯ ತಳದಲ್ಲಿ ಮಲಗಿಕೊಂಡು ವಾಪಸು ಬರುವುದು. ಕೋಟೆಯಿಂದ ನೋಡಿದವರಿಗೆ ಕಂಡದ್ದು, ತುಂಬಿದ ದೋಣಿ ಹೋಗುತ್ತಿದೆ, ಖಾಲಿ ದೋಣಿ ಬರುತ್ತಿದೆ. ರಾತ್ರಿ ನೆಲದ ಕಡೆಯಿಂದ ದಾಳಿ ಖಂಡಿತ ಎಂದು ಫಿರಂಗಿಗಳನ್ನು ಆ ಕಡೆಗೆ ಎಳೆದರು. ಬೆಳದಿಂಗಳಲ್ಲಿ, ಇಳಿತದ ನೀರಿನ ಜತೆ, ಹಾಯಿಯನ್ನೂ ಬಿಚ್ಚದೆ ಹಡಗುಗಳು ಕೋಟೆಯ ಪಕ್ಕಕ್ಕೆ ತೇಲಿಬಂದವು. ಹಾಯಿ ಬಿಚ್ಚಿದ್ದು ಆಮೇಲೆ. ಇದನ್ನೆಲ್ಲ ನಮಗೆ ಹೇಳಿದವನು ಆ ಕಾಲದ ಕಡಲುಗಳ್ಳರ ನಡುವೆಯೇ ಬಾಳಿದ ವೈದ್ಯ ಎಕ್ಸ್‌ಕ್ವೆಮೆಲಿನ್. ಅವನ ಡಚ್ ಪುಸ್ತಕ ಆಮ್‌ಸ್ಟರ್‌ಡಾಮಿನಲ್ಲಿ 1678ರಲ್ಲಿ ಅಚ್ಚಾಯಿತು.

ಈ ಕಥೆಯನ್ನು ಬೊಂಬೆಗಳಲ್ಲಿ ಆಡಬೇಕೆಂದರೆ ಮೊದಲು ಎದುರಾಗುವುದು ಅಳತೆ. ಆಟದ ಸೈನಿಕ ಬೊಂಬೆ ಸಾಮಾನ್ಯವಾಗಿ 28 ಮಿಲಿಮೀಟರ್ ಎತ್ತರ. ಅಂದರೆ ನಿಜದ ಅರುವತ್ತನೇ ಒಂದು ಪಾಲು. ಆ ಲೆಕ್ಕದಲ್ಲಿ 30 ಮೀಟರ್ ಉದ್ದದ ಹಡಗು ಅರ್ಧ ಮೀಟರ್ ಆಗುತ್ತದೆ. ಪರವಾಗಿಲ್ಲ. ಆದರೆ 600 ಮೀಟರ್ ದೂರ ಹೋಗುವ ಗುಂಡಿಗೆ 10 ಮೀಟರ್ ಮೇಜು ಬೇಕು. ಮನೆಯ ಗೋಡೆ ಒಡೆಯಬೇಕಾದೀತು! ಹಡಗನ್ನು ಸಾವಿರದ ಇನ್ನೂರನೇ ಒಂದು ಪಾಲಿಗೆ ಇಳಿಸಿದರೆ ಅದು ಎರಡೂವರೆ ಸೆಂಟಿಮೀಟರ್. ಆದರೆ ಮನುಷ್ಯ ಸಾಸಿವೆ ಕಾಳಿನಷ್ಟಾಗಿಬಿಡುತ್ತಾನೆ. ಹೀಗಾಗಿ ಕೆಲವರು ಎರಡು ಮೇಜು ಹಾಕುತ್ತಾರೆ. ಒಂದರ ಮೇಲೆ ಕಡಲಿನ ನಕಾಶೆ, ಚಿಕ್ಕ ಹಡಗುಗಳು; ಇನ್ನೊಂದರ ಮೇಲೆ ದಂಡೆ, ಕೋಟೆ, ದೊಡ್ಡ ಬೊಂಬೆಗಳು. ಇನ್ನು ಕೆಲವರು ಗುಂಡಿನ ದೂರವನ್ನೇ ಮೊಟಕುಗೊಳಿಸಿ ಎಲ್ಲವನ್ನೂ ಒಂದೇ ಮೇಜಿಗೆ ತರುತ್ತಾರೆ. ಅಮೆರಿಕದ ಫೈರ್‌ಲಾಕ್ ಗೇಮ್ಸ್ ಸಂಸ್ಥೆ 2010ರ ದಶಕದ ಉತ್ತರಾರ್ಧದಲ್ಲಿ ತಂದ ‘ಬ್ಲಡ್ ಅಂಡ್ ಪ್ಲಂಡರ್’ ಆಟ ಈ ಎರಡನೆಯ ದಾರಿಯದು. ಅಲ್ಲಿ ಹಡಗಿನ ಮೇಲೆ ನಿಲ್ಲುವ ಬೊಂಬೆಯೇ ದಂಡೆಗೂ ಇಳಿಯುತ್ತದೆ.

ಅಳತೆಗಿಂತ ಕಷ್ಟದ್ದು ಕಾಲ. ನಾಲ್ಕು ನಾಟ್ ವೇಗದ ಹಡಗು ನಿಮಿಷಕ್ಕೆ ಸುಮಾರು 120 ಮೀಟರ್ ಹೋಗುತ್ತದೆ. ನಡೆಯುವ ಮನುಷ್ಯ 80 ಮೀಟರ್. ಅಂತರ ಅಷ್ಟೇನೂ ದೊಡ್ಡದಲ್ಲ. ಆದರೆ ಮನುಷ್ಯ ಬೇಕೆಂದಾಗ ತಿರುಗಬಲ್ಲ. ಹಾಯಿಯ ಹಡಗು ಎದುರುಗಾಳಿಗೆ ನೇರವಾಗಿ ಹೋಗಲಾರದು, ಗಾಳಿ ನಿಂತರೆ ಅದೂ ನಿಂತಿತು. ಇವೆರಡರ ನಡುವೆ ದೋಣಿ. ಹಡಗಿನಿಂದ ದಂಡೆಗೆ ಹುಟ್ಟುಹಾಕುವ ಆ ಹತ್ತು ನಿಮಿಷ ಸೈನಿಕ ನೆಲದವನೂ ಅಲ್ಲ, ನೀರಿನವನೂ ಅಲ್ಲ. ಕೈಯಲ್ಲಿ ಹುಟ್ಟು, ಮಡಿಲಲ್ಲಿ ನೆನೆಯಬಾರದ ಮದ್ದು. ಒಳ್ಳೆಯ ಆಟ ಯಾವುದು ಎಂದು ಕೇಳಿದರೆ ನಾನು ಹೇಳುವುದಿಷ್ಟೆ: ಆ ಹತ್ತು ನಿಮಿಷದ ಭಯವನ್ನು ದಾಳದಲ್ಲಿ ತರಬಲ್ಲ ಆಟವೇ ಒಳ್ಳೆಯ ಆಟ.

ಕರಾವಳಿಯವನಾದ ನನಗೆ ಮರಕೈಬೊ ಓದುವಾಗಲೆಲ್ಲ ನಮ್ಮ ಅಳಿವೆಗಳ ನೆನಪಾಗುತ್ತದೆ. ಹೊನ್ನಾವರದ ತಿಮ್ಮೋಜಿಯನ್ನು ಪೋರ್ಚುಗೀಸರು ಕಡಲುಗಳ್ಳ ಎಂದೇ ಬರೆದರು. 1498ರಲ್ಲಿ ವಾಸ್ಕೊ ಡ ಗಾಮ ಅಂಜದೀವದಲ್ಲಿ ತಂಗಿದ್ದಾಗ, ಎಂಟು ದೋಣಿಗಳನ್ನು ಒಂದಕ್ಕೊಂದು ಬಿಗಿದು ಮೇಲೆ ಸೊಪ್ಪು ಹೊದಿಸಿ ತೇಲುವ ಕುದುರಿನಂತೆ ಮಾಡಿ ಬಂದನಂತೆ. ಮಾರ್ಗನ್ನನ ಟೋಪಿಯ ದಿಮ್ಮಿಗಳಿಗೆ ಇದು ಅಣ್ಣ! ಅದೇ ತಿಮ್ಮೋಜಿ 1510ರಲ್ಲಿ ಆಲ್ಬುಕರ್ಕನನ್ನು ಗೋವೆಯ ಕಡೆಗೆ ತಿರುಗಿಸಿದ. ಗೋವೆ ಸುಲಭವಾಗಿ ಸಿಕ್ಕಿತು. ಮೇ ತಿಂಗಳಲ್ಲಿ ಆದಿಲಶಾಹಿ ಸೈನ್ಯ ಬಂದು ಅಷ್ಟೇ ಬೇಗ ಕಿತ್ತುಕೊಂಡಿತು. ಪೋರ್ಚುಗೀಸರು ಹಡಗು ಹತ್ತಿದರು. ಆದರೆ ಹೋಗುವುದೆಲ್ಲಿಗೆ? ಮಳೆಗಾಲ ಹಿಡಿದು ಅಳಿವೆ ಮುಚ್ಚಿತ್ತು. ಆಗಸ್ಟ್‌ವರೆಗೆ ಮಾಂಡವಿಯಲ್ಲೇ, ದಂಡೆಯ ಗುಂಡಿಗೆ ಮೈಯೊಡ್ಡಿ, ಹಸಿದು ಕುಳಿತರು. ಮತ್ತೆ ಬಂದು ಗೋವೆ ಗೆದ್ದದ್ದು ನವೆಂಬರ್ 25ರಂದು.

ಒಂದು ಮಳೆಗಾಲ ನಾವು ಮೂವರು ಸ್ನೇಹಿತರು ಇದನ್ನು ಆಡಲು ಕುಳಿತೆವು. ರಟ್ಟಿನ ಹಡಗು, ಪಗಡೆಯ ಕಾಯಿ, ನೀಲಿ ಪಂಚೆಯ ಮಾಂಡವಿ. ಪೋರ್ಚುಗೀಸರ ಪಾಲು ಬಂದವನು ನಾಲ್ಕು ಸುತ್ತಾದ ಮೇಲೆ, “ಇದೆಂಥ ಆಟ ಮಾರಾಯ? ನನಗೆ ಅಕ್ಕಿ ಲೆಕ್ಕ ಹಾಕುವುದು ಬಿಟ್ಟು ಬೇರೆ ಕೆಲಸವೇ ಇಲ್ಲವಲ್ಲ!” ಎಂದ. “ಆಲ್ಬುಕರ್ಕನಿಗೂ ಇರಲಿಲ್ಲ” ಎಂದ ಮತ್ತೊಬ್ಬ. ನಕ್ಕೆವು. ಆದರೆ ಆ ಮಾತಿನಲ್ಲಿ ಚರಿತ್ರೆಯ ಒಂದು ಪಾಠವೇ ಇತ್ತು. ಇಬ್ಬರು ಆಡುವ ಈ ಆಟದಲ್ಲಿ ಮೂರನೆಯವನೊಬ್ಬ ಯಾವಾಗಲೂ ಇರುತ್ತಾನೆ. ಅಲ್ಲಿ ಇಳಿತ, ಇಲ್ಲಿ ಮಳೆಗಾಲ. ಅವನು ಯಾರ ಪಕ್ಷದವನೂ ಅಲ್ಲ.

ಮೇಜಿನ ಮೇಲೆ ಕಾಣದವರು ಇನ್ನೂ ಒಬ್ಬರಿದ್ದಾರೆ, ಊರಿನವರು. ಮರಕೈಬೊದಲ್ಲಿ ಬಚ್ಚಿಟ್ಟ ಹಣ ಎಲ್ಲಿದೆ ಎಂದು ಹೇಳಿಸಲು ಜನರಿಗೆ ಕೊಟ್ಟ ಚಿತ್ರಹಿಂಸೆಯನ್ನು ಎಕ್ಸ್‌ಕ್ವೆಮೆಲಿನ್ ಮುಚ್ಚಿಡಲಿಲ್ಲ. ಲೂಟಿಯ ಲೆಕ್ಕದಲ್ಲಿ ಬೆಳ್ಳಿಯ ಜತೆಗೆ ಗುಲಾಮರೂ ಸೇರಿದ್ದರು. ಆಟದ ನಿಯಮಗಳಲ್ಲಿ ಲೂಟಿಗೆ ಅಂಕಗಳಿರುತ್ತವೆ. ಲೂಟಿಯಾದವನಿಗೆ ಕಾಯಿ ಇರುವುದಿಲ್ಲ. ಆಟ ಆಡಬಾರದೆಂದು ನಾನು ಹೇಳುತ್ತಿಲ್ಲ. ಕೋಟೆಯ ಫಿರಂಗಿ ಏಕೆ ನೆಲದ ಕಡೆಗೆ ತಿರುಗಿತು ಎಂಬುದು ನನಗೆ ಪುಸ್ತಕಕ್ಕಿಂತ ಮೇಜಿನ ಮುಂದೆ ಹೆಚ್ಚು ತಿಳಿಯಿತು. ಆದರೆ ಗೆದ್ದವನು ಅಂಕ ಎಣಿಸುವಾಗ, ಅದು ಯಾರ ಮನೆಯದು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಚರಿತ್ರೆ ಓದುವವನಿಗೂ ಇದೇ ಮಾತು.

‘ಕಡಲುಗಳ್ಳ’ ಎಂಬ ಹೆಸರೂ ಯಾರು ಬರೆಯುತ್ತಾರೆ ಎಂಬುದನ್ನೇ ನೆಚ್ಚಿಕೊಂಡಿದೆ. ಸ್ಪೇನಿನವರಿಗೆ ದರೋಡೆಕೋರನಾದ ಮಾರ್ಗನ್‌ಗೆ 1674ರಲ್ಲಿ ಇಂಗ್ಲೆಂಡ್ ‘ಸರ್’ ಪದವಿ ಕೊಟ್ಟು ಜಮೈಕಾದ ಉಪರಾಜ್ಯಪಾಲನನ್ನಾಗಿ ಮಾಡಿತು. ಎಕ್ಸ್‌ಕ್ವೆಮೆಲಿನ್ನನ ಪುಸ್ತಕವನ್ನು ಇಂಗ್ಲಿಷಿನಲ್ಲಿ ತಂದ ಪ್ರಕಾಶಕರ ಮೇಲೆ ಅವನು ಮಾನನಷ್ಟದ ದಾವೆ ಹೂಡಿ ಗೆದ್ದ. ತಿಮ್ಮೋಜಿಗೆ ದಾವೆ ಹೂಡಲು ಯಾವ ನ್ಯಾಯಾಲಯವೂ ಇರಲಿಲ್ಲ.

1688ರಲ್ಲಿ ಸತ್ತ ಮಾರ್ಗನ್ನನನ್ನು ಮರ್ಯಾದೆಯಿಂದ ಪೋರ್ಟ್ ರಾಯಲ್ ಬಳಿ ಮಣ್ಣು ಮಾಡಿದರು. 1692ರ ಜೂನ್ 7ರಂದು ಭೂಕಂಪವಾಗಿ ಆ ಊರಿನ ಬಹುಭಾಗವೂ ಸ್ಮಶಾನವೂ ಕಡಲಿಗೆ ಜಾರಿದವು. ನೆಲದಲ್ಲಿ ಹೂತವನು ಈಗ ನೀರಿನಲ್ಲಿದ್ದಾನೆ. ನೆಲಕ್ಕೂ ನೀರಿಗೂ ನಡುವೆ ನಾವು ಎಳೆದ ಗೆರೆಯನ್ನು ಭೂಮಿ ಒಪ್ಪಿಕೊಂಡಿಲ್ಲ.